ಎಕೋದಲ್ಲಿ ‘ಗ್ರೇಡ್ ಒನ್’ ಅಂತ ಬಂದಿದೆಯಾ? ಶುಗರ್ ಇರುವವರು ಹೃದಯವನ್ನು ಮೊದಲೇ ನೋಡಿಕೊಳ್ಳುವ ಬಗೆ

‘ಶುಗರ್ ಬಂದು 11 ವರ್ಷ ಆಯ್ತು. ಎದೆನೋವು ಇಲ್ಲ. ಇಸಿಜಿ ನಾರ್ಮಲ್. ಎಕೋದಲ್ಲಿ ಇಎಫ್ 60 ಅಂತಿದೆ. ಆದರೆ ಕೆಳಗೆ ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಅಂತ ಒಂದು ಸಾಲು ಬರೆದಿದ್ದಾರೆ. ಡಾಕ್ಟರು ಏನೂ ಹೇಳಲಿಲ್ಲ. ಹೆದರಬೇಕಾ, ಬಿಡಬೇಕಾ?’

ಮಾಟುಂಗದಿಂದ, ಡೊಂಬಿವಲಿಯಿಂದ, ಮೀರಾ ರೋಡಿನಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ವರ್ಷ ಬೇರೆ, ಹೆಸರು ಬೇರೆ, ಸಾಲು ಮಾತ್ರ ಅದೇ. ನಾನು ಡಾಕ್ಟರಲ್ಲ. ಮುಂಬಯಿಯಲ್ಲಿ ಎಕೋ, ಅಂದರೆ ಹೃದಯದ ಸೋನೋಗ್ರಫಿ, ಮಾಡುವ ಕೋಣೆಯಲ್ಲಿ ಟೆಕ್ನಿಷಿಯನ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದವನು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಿಮ್ಮ ಫೈಲು ಪಕ್ಕದಲ್ಲಿಟ್ಟುಕೊಂಡು ಓದಿ.

ಚಿಕ್ಕ ಉತ್ತರ ಬೇಕಿದ್ದರೆ: ಹೆದರಬೇಡಿ, ಬಿಡಲೂ ಬೇಡಿ. ಶುಗರ್ ಇರುವವರ ಹೃದಯ ಸೋಲುವುದಕ್ಕೆ ಎಷ್ಟೋ ವರ್ಷ ಮೊದಲು ಗಡಸಾಗುತ್ತದೆ. ಆ ಸಾಲು ಹೇಳುತ್ತಿರುವುದು ಬಹುಶಃ ಅದನ್ನೇ. ಇಎಫ್ ಚೆನ್ನಾಗಿದೆ ಅನ್ನುವುದು ಅರ್ಧ ಉತ್ತರ ಮಾತ್ರ.

ಒಳಗೆ ಆಗುತ್ತಿರುವುದೇನು?

ಹೃದಯಕ್ಕೆ ಎರಡು ಕೆಲಸ. ಹಿಂಡುವುದು ಒಂದು. ಸಡಿಲಾಗಿ ರಕ್ತ ತುಂಬಿಕೊಳ್ಳುವುದು ಇನ್ನೊಂದು. ಸಡಿಲಾಗುವ ಹೊತ್ತನ್ನು ಡಯಾಸ್ಟೊಲಿ ಅನ್ನುತ್ತಾರೆ. ಸರಿಯಾಗಿ ಸಡಿಲಾಗದಿದ್ದರೆ ಅದೇ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್. ಇಎಫ್ ಅಂದರೆ ಇಜೆಕ್ಷನ್ ಫ್ರಾಕ್ಷನ್, ಎಡ ಕೆಳಗಿನ ಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಒಂದು ಸಲಕ್ಕೆ ಹೊರಗೆ ಹಾಕುತ್ತದೆ ಎಂಬ ಲೆಕ್ಕ. 55ರಿಂದ 70 ಇದ್ದರೆ ಒಳ್ಳೆಯದು. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ. ‘60 ಬಂದಿದೆ, ಅಂದರೆ 40 ಪರ್ಸೆಂಟ್ ಹಾಳಾಗಿದೆ’ ಅಂತ ಬೆಂಚಿನ ಮೇಲೆ ಕೂತು ಅತ್ತವರನ್ನು ನೋಡಿದ್ದೇನೆ. ಯಾರ ಹೃದಯವೂ 100 ಹಿಂಡುವುದಿಲ್ಲ.

ಈಗ ಗಂಜಿ ಹಾಕಿ ಒಣಗಿಸಿದ ಪಂಚೆಯನ್ನು ನೆನಪಿಸಿಕೊಳ್ಳಿ. ಬಟ್ಟೆ ಅದೇ, ನೂಲು ಅದೇ, ಆದರೆ ಮಡಿಕೆ ಬಿಚ್ಚುವಾಗ ಕರಕರ ಅನ್ನುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಹೃದಯದ ಸ್ನಾಯುವಿಗೂ ಹೀಗೇ ಆಗುತ್ತದೆ. ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟುತ್ತದೆ, ನಾವು ಎಚ್‌ಬಿಎ1ಸಿ ಅಂತ ಅಳೆಯುವುದು ಅದನ್ನೇ. ಅದೇ ಸಕ್ಕರೆ ಸ್ನಾಯುವಿನ ನಡುವಿನ ಕೊಲಾಜೆನ್ ನಾರಿಗೂ ಅಂಟುತ್ತದೆ, ಒಂದು ನಾರನ್ನು ಇನ್ನೊಂದಕ್ಕೆ ಬೆಸೆಯುತ್ತದೆ. ಹಿಮೋಗ್ಲೋಬಿನ್ ಮೂರ್ನಾಲ್ಕು ತಿಂಗಳಲ್ಲಿ ಹೊಸದಾಗುತ್ತದೆ. ಕೊಲಾಜೆನ್ ಅಷ್ಟು ಬೇಗ ಬದಲಾಗುವುದಿಲ್ಲ. ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೃದಯ ಸಕ್ಕರೆ ಬಿಟ್ಟು ಕೊಬ್ಬನ್ನೇ ಜಾಸ್ತಿ ಉರಿಸುತ್ತದೆ. ಅಷ್ಟೇ ಕೆಲಸಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಕೂದಲೆಳೆಯಂಥ ರಕ್ತನಾಳಗಳೂ ಹಾಳಾಗುತ್ತವೆ. ಅವು ಆಂಜಿಯೋಗ್ರಫಿಯಲ್ಲಿ ಕಾಣಿಸುವುದಿಲ್ಲ.

ಇದು ಹೊಸ ವಿಷಯವೇನಲ್ಲ. 1972ರಲ್ಲಿ ರೂಬ್ಲರ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ನಾಲ್ಕು ಜನ ಶುಗರ್ ರೋಗಿಗಳ ಬಗ್ಗೆ ಬರೆದರು. ನಾಲ್ವರಿಗೂ ಹೃದಯ ಸೋತಿತ್ತು, ಆದರೆ ದೊಡ್ಡ ರಕ್ತನಾಳಗಳಲ್ಲಿ ಅದಕ್ಕೆ ಕಾರಣವಾಗುವಂಥ ಬ್ಲಾಕ್ ಇರಲಿಲ್ಲ. 1974ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಇನ್ನೊಂದು ಮಾತು ಹೇಳಿತು. ಶುಗರ್ ಇರುವ ಗಂಡಸರಲ್ಲಿ ಹಾರ್ಟ್ ಫೇಲ್ಯೂರ್ ಸುಮಾರು ಎರಡು ಪಟ್ಟು, ಹೆಂಗಸರಲ್ಲಿ ಸುಮಾರು ಐದು ಪಟ್ಟು. ಹೆಂಗಸರ ಅಂಕಿಯನ್ನು ಇನ್ನೊಮ್ಮೆ ಓದಿ. ನಮ್ಮ ಮನೆಗಳಲ್ಲಿ ಗಂಡನ ಎಕೋ ಮೂರು ಸಲ ಆಗಿರುತ್ತದೆ, ಹೆಂಡತಿಯದ್ದು ಒಂದೂ ಆಗಿರುವುದಿಲ್ಲ.

ಒಂದು ಪದ ಬಿಡಿಸಿಡುತ್ತೇನೆ. ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಕಳಿಸಲು ಹೃದಯ ಒದ್ದಾಡುವುದು, ಅದರಿಂದ ನೀರು ಶ್ವಾಸಕೋಶದಲ್ಲೋ ಕಾಲಲ್ಲೋ ಸೇರುವುದು. ಹಾರ್ಟ್ ಅಟ್ಯಾಕ್ ಬೇರೆ, ಅದು ರಕ್ತನಾಳ ಕಟ್ಟಿಕೊಳ್ಳುವುದು.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ತೋಳಿಗೆ ಕಟ್ಟುವ ಬಿಪಿ ಮಷಿನ್ (ಮಣಿಕಟ್ಟಿನದ್ದು ಬೇಡ), ತೂಕದ ಮಷಿನ್, ದರ್ಜಿಯ ಟೇಪು, ಒಂದು ನೋಟ್‌ಬುಕ್, ಹಳೆಯ ರಿಪೋರ್ಟುಗಳು. ಮಾತ್ರೆಯ ಖಾಲಿ ಪಟ್ಟಿಗಳನ್ನು ಎಸೆಯಬೇಡಿ, ಐದನೇ ಹಂತದಲ್ಲಿ ಬೇಕಾಗುತ್ತವೆ.

1. ನಿಮ್ಮ ಅಪಾಯದ ಲೆಕ್ಕ ಹಾಕಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ: ಶುಗರ್ ಯಾವ ವರ್ಷ ಗೊತ್ತಾಯಿತು, ಬಿಪಿ ಇದೆಯೇ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಕಣ್ಣಿನ ಹಿಂಭಾಗಕ್ಕೆ ತೊಂದರೆ ಆಗಿದೆಯೇ, ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆಯೇ. ಕೊನೆಯದನ್ನು ಪಕ್ಕದಲ್ಲಿ ಮಲಗುವವರನ್ನೇ ಕೇಳಬೇಕು. ಹೊಟ್ಟೆಯ ಸುತ್ತಳತೆ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಜಾಸ್ತಿ. ಪ್ಯಾಂಟಿನ ಸೈಜ್ ಹೇಳಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ಇಳಿದಿರುತ್ತದೆ.

ಇವುಗಳಲ್ಲಿ ಎರಡು ಮೂರು ಸೇರಿದರೆ ಮುಂದಿನ ಹಂತಗಳನ್ನು ಮುಂದೂಡಬೇಡಿ. ಅಮೆರಿಕದ ವೈದ್ಯರ ಸಂಘಗಳು ಹಾರ್ಟ್ ಫೇಲ್ಯೂರನ್ನು ಎ, ಬಿ, ಸಿ, ಡಿ ಅಂತ ನಾಲ್ಕು ಹಂತ ಮಾಡಿವೆ. ಶುಗರ್ ಇದ್ದವರೆಲ್ಲ ಆಗಲೇ ಎ ಹಂತ: ಅಪಾಯ ಇದೆ, ಬದಲಾವಣೆ ಇನ್ನೂ ಇಲ್ಲ. ಬಿ ಅಂದರೆ ಬದಲಾವಣೆ ಇದೆ, ತೊಂದರೆ ಕಾಣಿಸುತ್ತಿಲ್ಲ. ನಾವು ಹಿಡಿಯಬೇಕಾದದ್ದು ಈ ಬಿ.

2. ದಾದರಿನ ಸೇತುವೆ ಏನು ಹೇಳುತ್ತದೆ ನೋಡಿ

ಮುಂಬಯಿಯಲ್ಲಿ ಹೃದಯ ಪರೀಕ್ಷೆಗೆ ಪುಕ್ಕಟೆ ಸಾಧನ ಅಂದರೆ ರೈಲ್ವೆ ಸ್ಟೇಶನ್ನಿನ ಸೇತುವೆ. ದಿನಾ ಅದೇ ಮೆಟ್ಟಿಲು, ಅದೇ ಹೊತ್ತು, ಅದೇ ಬ್ಯಾಗು. ಆರು ತಿಂಗಳ ಹಿಂದೆ ಒಂದೇ ಸಮನೆ ಹತ್ತುತ್ತಿದ್ದಿರಾ? ಈಗ ನಡುವಿನ ಚಪ್ಪಟೆ ಜಾಗದಲ್ಲಿ ನಿಂತು ಫೋನ್ ನೋಡುವ ನೆಪ ಮಾಡುತ್ತೀರಾ?

ನೆಪ ಅಂದೆ, ಯಾಕೆಂದರೆ ಹೆಚ್ಚಿನವರು ‘ನನಗೆ ಉಸಿರು ಕಟ್ಟುವುದೇ ಇಲ್ಲ’ ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ಗೊತ್ತಾಗುತ್ತದೆ. ಓಡಿ ಫಾಸ್ಟ್ ಲೋಕಲ್ ರೈಲು ಹಿಡಿಯುತ್ತಿದ್ದವರು ಈಗ ‘ಮುಂದಿನ ಸ್ಲೋನಲ್ಲೇ ಹೋಗೋಣ’ ಅನ್ನುತ್ತಾರೆ. ಎಸ್ಕಲೇಟರ್ ಇರುವ ಕಡೆಯ ಬೋಗಿಯನ್ನೇ ಹುಡುಕುತ್ತಾರೆ. ತರಕಾರಿ ಚೀಲ ಮಗನ ಕೈಗೆ ದಾಟಿರುತ್ತದೆ. ಉಸಿರು ಕಟ್ಟುವ ಮೊದಲೇ ಕೆಲಸ ಬಿಟ್ಟರೆ ಉಸಿರು ಹೇಗೆ ಕಟ್ಟೀತು? ಹಾಗಾಗಿ ‘ಉಸಿರಾಟದ ತೊಂದರೆ ಇದೆಯಾ’ ಅಂತ ಕೇಳಿಕೊಳ್ಳಬೇಡಿ. ‘ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈ ವರ್ಷ ಬಿಟ್ಟಿದ್ದೇನೆ’ ಅಂತ ಕೇಳಿಕೊಳ್ಳಿ.

ಮನೆಯಲ್ಲಿ ಇನ್ನೂ ನಾಲ್ಕು ವಿಷಯ ನೋಡಿ.

ಸಂಜೆ ಕಾಲ್ಚೀಲ ತೆಗೆದಾಗ ಗೆರೆ ಆಳವಾಗಿ ಉಳಿಯುತ್ತದೆಯೇ? ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಬಿಡಿ. ಗುಳಿ ಹಾಗೇ ನಿಂತರೆ ನೀರು ಸೇರಿದೆ.

ರಾತ್ರಿ ದಿಂಬು ಒಂದರಿಂದ ಎರಡಾಗಿದೆಯೇ? ಮಲಗಿದ ಮೇಲೆ ಕೆಮ್ಮು ಬಂದು ಎದ್ದು ಕೂರುತ್ತೀರಾ?

ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸಿ. ಸುಮ್ನೆ ಕೂತಾಗಲೂ ದಿನಾ 100ರ ಮೇಲೆ ಇದ್ದರೆ ಶುಗರ್ ಹೃದಯದ ನರಗಳನ್ನು ಮುಟ್ಟಿರಬಹುದು.

ಐದು ನಿಮಿಷ ಮಲಗಿ ಬಿಪಿ ನೋಡಿ. ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದೂ ನರದ ತೊಂದರೆಯ ಗುರುತು. ಈ ನರ ಕೆಟ್ಟವರಿಗೆ ಹಾರ್ಟ್ ಅಟ್ಯಾಕ್ ಆದರೂ ಎದೆನೋವು ಬಾರದೆ ಇರಬಹುದು. ‘ನನಗೆ ಎದೆನೋವೇ ಇಲ್ಲ’ ಅನ್ನುವ ಧೈರ್ಯ ಶುಗರ್ ಇರುವವರಿಗೆ ಅಷ್ಟಾಗಿ ಸಲ್ಲದು.

3. ರಕ್ತ, ಮೂತ್ರ

ಎಚ್‌ಬಿಎ1ಸಿ, ಕ್ರಿಯೇಟಿನಿನ್ ಮತ್ತು ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಂಕಿ), ಲಿಪಿಡ್ (ಕೊಲೆಸ್ಟರಾಲ್ ಮುಂತಾದವು), ಹಿಮೋಗ್ಲೋಬಿನ್, ಥೈರಾಯ್ಡ್. ರಕ್ತ ಕಡಿಮೆ ಇದ್ದರೂ ಮೆಟ್ಟಿಲಲ್ಲಿ ಏದುಸಿರು ಬರುತ್ತದೆ, ಅದನ್ನು ಮೊದಲು ಬದಿಗೆ ಸರಿಸಬೇಕು.

ಮೂತ್ರದಲ್ಲಿ ಅಲ್ಬುಮಿನ್-ಕ್ರಿಯೇಟಿನಿನ್ ರೇಶಿಯೋ ಕೇಳಿ ಮಾಡಿಸಿ. 30ರ ಒಳಗಿದ್ದರೆ ಸರಿ. ದಾಟಿದರೆ ಕಿಡ್ನಿಯ ಸಣ್ಣ ರಕ್ತನಾಳ ಸೋರುತ್ತಿದೆ ಅಂತ. ಹೃದಯದ ಸಣ್ಣ ನಾಳಗಳೂ ಚೆನ್ನಾಗಿರುವುದು ಅನುಮಾನ. ಅಗ್ಗದ ಪರೀಕ್ಷೆ, ಆದರೆ ಬಹಳ ಪ್ಯಾಕೇಜುಗಳಲ್ಲಿ ಇರುವುದೇ ಇಲ್ಲ. ದುಡ್ಡು ಕಟ್ಟಿಸಿಕೊಂಡು ಮಾಡುವ ‘ಫುಲ್ ಬಾಡಿ’ ಚೆಕಪ್‌ನಲ್ಲಿ ವಿಟಮಿನ್‌ಗಳ ಉದ್ದ ಪಟ್ಟಿ ಇರುತ್ತದೆ, ಇದು ಇರುವುದಿಲ್ಲ.

ಇನ್ನೊಂದು, ಎನ್‌ಟಿ-ಪ್ರೊಬಿಎನ್‌ಪಿ. ಹೃದಯದ ಗೋಡೆಯ ಮೇಲೆ ಒತ್ತಡ ಬಿದ್ದಾಗ ರಕ್ತಕ್ಕೆ ಸೇರುವ ವಸ್ತು ಇದು. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಇದನ್ನೋ ಬಿಎನ್‌ಪಿಯನ್ನೋ ನೋಡುವುದು ಒಳ್ಳೆಯದು ಅಂತ ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಶನ್ 2022ರಲ್ಲಿ ಹೇಳಿತು. ಎನ್‌ಟಿ-ಪ್ರೊಬಿಎನ್‌ಪಿ 125 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ನೆಮ್ಮದಿ, ಜಾಸ್ತಿ ಇದ್ದರೆ ಎಕೋ ಮಾಡಿಸಬೇಕು. ಇದು ದುಬಾರಿ ಪರೀಕ್ಷೆ, ಅದಕ್ಕೇ ಡಾಕ್ಟರ ಜೊತೆ ಮಾತಾಡಿಯೇ ಮಾಡಿಸಿ.

ಇಲ್ಲಿ ಎಡವುವುದು ಹೇಗೆಂದರೆ: ದಪ್ಪ ಮೈಯವರಲ್ಲಿ ಈ ಅಂಕಿ ಸುಳ್ಳು ಸುಳ್ಳೇ ಕಡಿಮೆ ಬರುತ್ತದೆ. ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ, ನಾಡಿ ತಾಳ ತಪ್ಪಿ ಬಡಿಯುವವರಲ್ಲಿ ಜಾಸ್ತಿ ಬರುತ್ತದೆ. ಅಂಕಿಯೊಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ.

ದುಡ್ಡಿನ ಚಿಂತೆ ಇದ್ದರೆ ಮಹಾನಗರ ಪಾಲಿಕೆಯ ‘ಆಪ್ಲಾ ದವಾಖಾನಾ’ ನಿಮ್ಮ ಏರಿಯಾದಲ್ಲಿ ಎಲ್ಲಿದೆ ವಿಚಾರಿಸಿ. ಮಾಮೂಲಿ ರಕ್ತ ಪರೀಕ್ಷೆಗಳು ಅಲ್ಲಿ ಪುಕ್ಕಟೆ ಆಗುತ್ತವೆ.

4. ಇಸಿಜಿ, ಎಕೋ, ಆ ಒಂದು ಸಾಲು

ಇಸಿಜಿ ಮಾಡಿಸಿ. ಆದರೆ ಅದರ ಮಿತಿ ಗೊತ್ತಿರಲಿ. ಅದು ಹೃದಯದ ಕರೆಂಟನ್ನು ತೋರಿಸುತ್ತದೆ. ಗಡಸಾದ ಹೃದಯದ ಇಸಿಜಿ ಪೂರ್ತಿ ನಾರ್ಮಲ್ ಇರಬಹುದು. ನಮ್ಮ ಸಂಘಗಳ ಉಚಿತ ಆರೋಗ್ಯ ಶಿಬಿರಗಳಲ್ಲಿ ಬೆರಳು ಚುಚ್ಚಿ, ಇಸಿಜಿ ತೆಗೆದು ‘ಎಲ್ಲ ಸರಿ ಇದೆ’ ಅಂತ ಕಳಿಸುತ್ತಾರೆ. ಶಿಬಿರ ಒಳ್ಳೆಯದೇ, ಆ ಮಾತು ಮಾತ್ರ ಪೂರ್ತಿ ಅಲ್ಲ.

ಗಡಸುತನ ಕಾಣುವುದು ಎಕೋದಲ್ಲಿ. ಜನ ಟೂ-ಡಿ ಎಕೋ ಅನ್ನುತ್ತಾರೆ. ಹೃದಯಕ್ಕೆ ಮಾಡುವ ಸೋನೋಗ್ರಫಿ ಅಂದುಕೊಳ್ಳಿ. ಖಾಲಿ ಹೊಟ್ಟೆ ಬೇಕಿಲ್ಲ, ಬಿಪಿ ಮಾತ್ರೆ ನುಂಗಿಯೇ ಹೋಗಿ. ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಳ್ಳಿ. ಎಡಕ್ಕೆ ಮಗ್ಗಲು ಮಲಗಿಸುತ್ತಾರೆ, ಎದೆಗೆ ತಣ್ಣನೆ ಜೆಲ್ ಹಚ್ಚುತ್ತಾರೆ, ಪಕ್ಕೆಲುಬಿನ ನಡುವೆ ಸ್ವಲ್ಪ ಒತ್ತುತ್ತಾರೆ. ‘ಉಸಿರು ಬಿಟ್ಟು ಹಿಡಿಯಿರಿ’ ಅಂದಾಗ ಹಿಡಿಯಬೇಕು. ಹೆಂಗಸರು ಮಹಿಳಾ ಸಿಬ್ಬಂದಿ ಇರಲಿ ಅಂತ ಕೇಳಬಹುದು, ಸಂಕೋಚ ಬೇಡ. ಸರಕಾರಿ ಜಾಗದಲ್ಲಿ ಮಾಡಿಸುವುದಿದ್ದರೆ ಪರೇಲಿನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ಇವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು. ಎಕೋ ಅದೇ ದಿನ ಆಗುವುದು ಕಷ್ಟ, ಡೇಟ್ ಕೊಡುತ್ತಾರೆ. ಡೇಟ್ ತಪ್ಪಿಸಿದರೆ ಮತ್ತೆ ಮೊದಲಿನಿಂದ ಸಾಲು.

ಬುಕ್ ಮಾಡುವಾಗಲೇ ಒಂದು ಮಾತು ಕೇಳಿ: ‘ಟಿಶ್ಯೂ ಡಾಪ್ಲರ್ ಮಾಡಿ ಇ ಪ್ರೈಮ್ ಬರೆಯುತ್ತೀರಾ?’ ಇಲ್ಲ ಅಂದರೆ ಬೇರೆ ಕಡೆ ಹೋಗಿ. ಇ ಪ್ರೈಮ್ ಏನೆಂದು ಕೆಳಗೆ ಹೇಳುತ್ತೇನೆ. ಗಡಿಬಿಡಿಯ ಜಾಗಗಳಲ್ಲಿ ಐದು ನಿಮಿಷದಲ್ಲಿ ಇಎಫ್ ಒಂದನ್ನು ಬರೆದು, ಉಳಿದದ್ದಕ್ಕೆ ಕಂಪ್ಯೂಟರಿನಲ್ಲಿ ಮೊದಲೇ ಇರುವ ವಾಕ್ಯ ಅಂಟಿಸುತ್ತಾರೆ. ನನ್ನದೇ ರಿಪೋರ್ಟಿನಲ್ಲಿ ಒಮ್ಮೆ ಹೀಗಾಗಿತ್ತು. ಎಲ್ಲ ಅಂಕಿ ನನ್ನದೇ, ಕೊನೆಯ ವಾಕ್ಯ ಮಾತ್ರ ಯಾರೋ ಹೆಂಗಸಿನದ್ದು!

ಈಗ ರಿಪೋರ್ಟ್ ಬಿಚ್ಚಿ.

ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಎರಡು ಸಲ ಇಳಿಯುತ್ತದೆ. ಬಾಗಿಲು ತೆರೆದ ಕೂಡಲೇ ತಾನಾಗಿ ಹರಿದು ಬರುವುದು ‘ಇ’ ಅಲೆ. ಕೊನೆಗೆ ಮೇಲಿನ ಕೋಣೆ ತಳ್ಳಿದಾಗ ಬರುವುದು ‘ಎ’ ಅಲೆ. ಹರೆಯದ ಹೃದಯ ಸಡಿಲ, ಹೆಚ್ಚಿನ ರಕ್ತ ತಾನಾಗಿ ಬರುತ್ತದೆ, ಇ ದೊಡ್ಡದು. ಗಡಸಾದ ಹೃದಯಕ್ಕೆ ತಳ್ಳಿಯೇ ತುಂಬಬೇಕು, ಎ ದೊಡ್ಡದಾಗುತ್ತದೆ. ರಿಪೋರ್ಟಿನಲ್ಲಿ ‘ಇ/ಎ ರಿವರ್ಸಲ್’ ಅಂತಲೋ ‘ಗ್ರೇಡ್ ಒನ್’ ಅಂತಲೋ ಬರೆಯುವುದು ಇದನ್ನೇ.

65 ವರ್ಷ ದಾಟಿದವರಿಗೆ ಶುಗರ್ ಇಲ್ಲದಿದ್ದರೂ ಇದು ಬರುತ್ತದೆ. ವಯಸ್ಸಿಗೆ ಕೂದಲು ನೆರೆತ ಹಾಗೆ. ಅವರಿಗೆ ಈ ಒಂದು ಸಾಲಿನಿಂದ ನಿದ್ದೆ ಕೆಡಬೇಕಿಲ್ಲ. 42ರ ಶುಗರ್ ಇರುವವರಿಗೆ ಬಂದರೆ ಅದರ ಅರ್ಥ ಬೇರೆ.

ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಕಾಯಿಲೆ ಮುಂದುವರಿದರೆ ಮೇಲಿನ ಕೋಣೆಯಲ್ಲಿ ಒತ್ತಡ ಏರಿ ರಕ್ತ ಮತ್ತೆ ರಭಸದಿಂದ ಇಳಿಯುತ್ತದೆ. ಆಗ ಇ ಮತ್ತೆ ದೊಡ್ಡದಾಗಿ, ಅಂಕಿ ನೋಡಲು ಆರೋಗ್ಯವಂತರ ಹಾಗೇ ಕಾಣುತ್ತದೆ. ಇದು ಗ್ರೇಡ್ ಟೂ. ಹೋದ ವರ್ಷ ರಿವರ್ಸಲ್ ಇತ್ತು, ಈ ವರ್ಷ ಇಲ್ಲ, ವಾಸಿಯಾಯ್ತು ಅಂತ ಪೇಢೆ ಹಂಚುವ ಮೊದಲು ಇ ಪ್ರೈಮ್ ನೋಡಿ.

ಇ ಪ್ರೈಮ್ ಅಂದರೆ ಹೃದಯದ ಗೋಡೆ ಸಡಿಲಾಗುವ ವೇಗ. 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ನಾಲ್ಕು ವಿಷಯ ನೋಡಲು ಹೇಳಿತು. ಇ ಪ್ರೈಮ್ ನಡುಗೋಡೆಯಲ್ಲಿ ಸೆಕೆಂಡಿಗೆ 7 ಸೆಂಟಿಮೀಟರ್‌ಗಿಂತ ಅಥವಾ ಪಕ್ಕದ ಗೋಡೆಯಲ್ಲಿ 10ಕ್ಕಿಂತ ಕಡಿಮೆ ಇರುವುದು. ಇ ಅಲೆಯನ್ನು ಇ ಪ್ರೈಮ್‌ನ ಸರಾಸರಿಯಿಂದ ಭಾಗಿಸಿದರೆ 14ಕ್ಕಿಂತ ಜಾಸ್ತಿ ಬರುವುದು. ಎಡ ಮೇಲಿನ ಕೋಣೆ, ಮೈಯಳತೆಗೆ ತಕ್ಕಂತೆ ಲೆಕ್ಕ ಹಾಕಿದಾಗ, 34 ಮಿಲಿಲೀಟರ್‌ಗಿಂತ ದೊಡ್ಡದಿರುವುದು. ಬಲಗಡೆಯ ಬಾಗಿಲಿನ ಸೋರಿಕೆಯ ವೇಗ ಸೆಕೆಂಡಿಗೆ 2.8 ಮೀಟರ್ ದಾಟುವುದು. ಇಎಫ್ ಸರಿ ಇದ್ದು, ಈ ನಾಲ್ಕರಲ್ಲಿ ಮೂರು ಕೆಟ್ಟಿದ್ದರೆ ಗಡಸುತನ ಖಚಿತ ಅಂತ ಆ ಮಾರ್ಗಸೂಚಿಯ ಮಾತು. ಎರಡಿದ್ದರೆ ಅನುಮಾನದ ಲೆಕ್ಕ. ನೀವೇ ರೋಗ ಹೆಸರಿಸಲಿ ಅಂತ ಇದನ್ನು ಬರೆಯುತ್ತಿಲ್ಲ. ಈ ಅಂಕಿಗಳು ರಿಪೋರ್ಟಿನಲ್ಲಿ ಇವೆಯೇ, ಖಾಲಿ ಬಿಟ್ಟಿದ್ದಾರೆಯೇ ನೋಡಿಕೊಳ್ಳಲು.

ಕೆಲವು ಕಡೆ ‘ಸ್ಟ್ರೇನ್’ ಅಂತ ಇನ್ನೊಂದು ಅಳತೆ ಸಿಗುತ್ತದೆ. ಹೃದಯದ ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ. ಮೈನಸ್ 20ರ ಆಸುಪಾಸು ಒಳ್ಳೆಯದು. ಮೈನಸ್ 16ರಿಂದ ಸೊನ್ನೆಯ ಕಡೆಗೆ ಜಾರಿದರೆ, ಇಎಫ್ ಚೆನ್ನಾಗಿದ್ದರೂ ಹಿಂಡುವ ಶಕ್ತಿ ಕುಂದಲು ಶುರುವಾಗಿದೆ ಅಂತ.

5. ಮಾತ್ರೆಯ ಪಟ್ಟಿ ಹಿಡಿದು ಡಾಕ್ಟರ ಎದುರು ಕೂರಿ

ಮೊದಲ ಎಚ್ಚರಿಕೆ: ಇದನ್ನು ಓದಿ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ಶುರು ಮಾಡಲೂ ಬೇಡಿ. ಕೇಳಲು ಮಾತ್ರ ಕಲಿಯಿರಿ.

ಕೇಳಬೇಕಾದ ಮೊದಲ ಪ್ರಶ್ನೆ, ‘ಡಾಕ್ಟ್ರೇ, ನನಗೆ ಎಸ್‌ಜಿಎಲ್‌ಟಿ2 ಮಾತ್ರೆ ಆಗುತ್ತದಾ?’ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈ ಗುಂಪಿನವು. ಜಾಸ್ತಿ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವುದು ಇವುಗಳ ಕೆಲಸ. 2015ರಲ್ಲಿ ಬಂದ ಎಂಪಾ-ರೆಗ್ ಎಂಬ ಪರೀಕ್ಷೆಯಲ್ಲಿ ಶುಗರ್ ಜೊತೆಗೆ ಹೃದಯ ಕಾಯಿಲೆಯೂ ಇದ್ದ ಸುಮಾರು 7,000 ಜನರಿದ್ದರು. ಎಂಪಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರುವುದು ಶೇ 35ರಷ್ಟು ಕಡಿಮೆಯಾಯಿತು. ಶುಗರ್ ಇಳಿಸಲು ಬಂದ ಮಾತ್ರೆ ಹೃದಯ ಕಾಯಿತು. ನಮ್ಮಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚಿನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ‘ದುಬಾರಿ’ ಅಂತ ಹಿಂದೆ ಬಿಟ್ಟಿದ್ದರೆ ಮತ್ತೆ ಕೇಳಿ.

ಈ ಮಾತ್ರೆ ತೆಗೆದುಕೊಳ್ಳುವಾಗ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ತುಂಬ ಕಾಣುತ್ತದೆ. ಗಾಬರಿ ಬೇಡ, ಅದರ ಕೆಲಸವೇ ಅದು. ಗುಪ್ತಾಂಗದಲ್ಲಿ ತುರಿಕೆ, ಫಂಗಸ್ ಬರಬಹುದು. ತೊಳೆದು ಒಣಗಿಸಿಕೊಳ್ಳಿ, ಮಳೆಗಾಲದ ಮುಂಬಯಿಯಲ್ಲಿ ಒದ್ದೆ ಒಳಉಡುಪಿನಲ್ಲಿ ದಿನವಿಡೀ ಇರಬೇಡಿ. ವಾಂತಿ ಭೇದಿ ಆದಾಗ, ನಿರಾಹಾರ ಏಕಾದಶಿ ಮಾಡುವಾಗ, ಆಪರೇಶನ್ನಿಗೆ ಮೂರು ನಾಲ್ಕು ದಿನ ಮೊದಲು ಇದನ್ನು ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಶುಗರ್ ಹೆಚ್ಚು ತೋರಿಸದೆಯೇ ರಕ್ತ ಹುಳಿಯಾಗುವ ಕೀಟೋಅಸಿಡೋಸಿಸ್ ಎಂಬ ಅಪಾಯ ಇದೆ. ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂದು ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಎರಡನೇ ಪ್ರಶ್ನೆ, ‘ನನ್ನ ಮಾತ್ರೆಯಲ್ಲಿ ಪಿಯೋಗ್ಲಿಟಾಜೋನ್ ಇದೆಯಾ?’ ಇದು ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತದೆ. ಹಾರ್ಟ್ ಫೇಲ್ಯೂರ್ ಇರುವವರಿಗೆ ಕೊಡಬಾರದು. ಮೂರು ಔಷಧ ಸೇರಿಸಿದ ಒಂದೇ ಮಾತ್ರೆಯಲ್ಲಿ ಇದು ಅಡಗಿರುತ್ತದೆ. ನನ್ನ ಭಾವ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಕಾಲು ಊದಿದಾಗ ‘ಕೂತು ಕೂತು ಹೀಗಾಯ್ತು’ ಅಂತ ಎರಡು ಸಲ ಚಪ್ಪಲಿ ಸೈಜ್ ದೊಡ್ಡದು ಮಾಡಿಕೊಂಡರು. ನಾನೂ ಹೌದು ಅಂದಿದ್ದೆ. ಕೊನೆಗೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿದ್ದು ಅಕ್ಕ. ಡಾಕ್ಟರು ಮಾತ್ರೆ ಬದಲಿಸಿದರು, ಮೂರು ವಾರದಲ್ಲಿ ಹಳೆಯ ಚಪ್ಪಲಿ ಮತ್ತೆ ಹಿಡಿಸಿತು. ಗ್ಲಿಪ್ಟಿನ್ ಗುಂಪಿನ ಸಾಕ್ಸಾಗ್ಲಿಪ್ಟಿನ್ ಬಗ್ಗೆಯೂ ಹೀಗೇ ಎಚ್ಚರಿಕೆ ಇದೆ.

ಮೂರನೆಯದು ಮಂಡಿನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ದಿನಾ ನುಂಗಿದರೆ ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ, ಕಿಡ್ನಿಗೂ ಪೆಟ್ಟು. ಮೆಡಿಕಲ್ ಅಂಗಡಿಯವ ಕೊಟ್ಟ ‘ಒಳ್ಳೆ ಮಾತ್ರೆ’ಯ ಹೆಸರನ್ನೂ ಡಾಕ್ಟರಿಗೆ ಹೇಳಿ.

ಉಳಿದ ಗುರಿಗಳು ಚುಟುಕಾಗಿ: ಬಿಪಿ 130/80ರ ಒಳಗೆ, ಎಚ್‌ಬಿಎ1ಸಿ ಹೆಚ್ಚಿನವರಿಗೆ 7ರ ಆಸುಪಾಸು, ಎಲ್‌ಡಿಎಲ್ ಕೊಲೆಸ್ಟರಾಲ್ 70ರ ಕೆಳಗೆ. ವಯಸ್ಸಾದವರಿಗೆ, ಶುಗರ್ ಪದೇ ಪದೇ ಕುಸಿಯುವವರಿಗೆ ಡಾಕ್ಟರು ಇದನ್ನು ಸಡಿಲ ಮಾಡುತ್ತಾರೆ. ನನ್ನ ಅನುಭವದಲ್ಲಿ ಜನ ಶುಗರಿನ ಹಿಂದೆ ಬಿದ್ದಷ್ಟು ಬಿಪಿಯ ಹಿಂದೆ ಬೀಳುವುದಿಲ್ಲ. ಗಡಸಾದ ಹೃದಯಕ್ಕೆ ಬಿಪಿ ದಿನನಿತ್ಯದ ಪೆಟ್ಟು.

6. ತಟ್ಟೆ ಮತ್ತು ನಡಿಗೆ

ಸಕ್ಕರೆ ಬಿಟ್ಟವರು ಉಪ್ಪು ಮರೆಯುತ್ತಾರೆ. ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಎಲ್ಲ ಸೇರಿ. ನಮ್ಮ ಊರಿನವರಿಗೆ ಇದು ಕಷ್ಟದ ವಿಷಯ. ‘ಬರೀ ಗಂಜಿ ಊಟ, ಇನ್ನೇನೂ ಇಲ್ಲ’ ಅನ್ನುತ್ತಾರೆ. ಗಂಜಿಯಲ್ಲಿ ಏನೂ ಇಲ್ಲ ಸರಿ. ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣ ಸಿಗಡಿ ಚಟ್ನಿ, ಸುಕ್ಕಾ ಬೊಂಬಿಲ್! ಒಣ ಮೀನು ಉಪ್ಪಿನಲ್ಲೇ ಬದುಕುವುದು. ಸಂಜೆ ಸ್ಟೇಶನ್ ಹೊರಗಿನ ವಡಾಪಾವಿನಲ್ಲಿ ವಡೆಗೆ ಉಪ್ಪು, ಪಾವಿಗೆ ಉಪ್ಪು, ಕೆಂಪು ಚಟ್ನಿಗೆ ಉಪ್ಪು, ಕರಿದ ಮೆಣಸಿನಕಾಯಿಗೆ ಮೇಲಿಂದ ಉಪ್ಪು. ಎಲ್ಲ ಬಿಡಿ ಅನ್ನುವುದಿಲ್ಲ, ಒಂದು ದಿನಕ್ಕೆ ಒಂದೇ ಉಪ್ಪಿನ ಪದಾರ್ಥ ಇಟ್ಟುಕೊಳ್ಳಿ.

‘ಲೋ ಸೋಡಿಯಂ’ ಉಪ್ಪು ತರುವ ಮೊದಲು ಡಾಕ್ಟರನ್ನು ಕೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಯವರಿಗೆ ಅದು ರಕ್ತದಲ್ಲಿ ಏರಿ ನಾಡಿಯ ತಾಳವನ್ನೇ ಕೆಡಿಸಬಹುದು.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಗಿರ್ಗಾಂವ್ ಚೌಪಾಟಿಗೇ ಹೋಗಬೇಕಿಲ್ಲ, ಸೊಸೈಟಿ ಕಾಂಪೌಂಡ್ ಸುತ್ತಿದರೂ ನಡೆಯುತ್ತದೆ. ತೂಕ, ಬಿಪಿ ಎರಡೂ ಇಳಿದರೆ ಶುರುವಿನ ಗಡಸುತನ ಸ್ವಲ್ಪ ಸಡಿಲಾಗುವುದುಂಟು. ಮೇಲೆ ಹೇಳಿದ ಲಕ್ಷಣಗಳು ಇದ್ದರೆ ಮಾತ್ರ ಮೊದಲು ಡಾಕ್ಟರು, ಆಮೇಲೆ ನಡಿಗೆ.

7. ಯಾವಾಗ ಓಡಬೇಕು, ಯಾವಾಗ ಕಾಯಬಹುದು

ಎಕೋ ನಾರ್ಮಲ್ ಬಂದರೆ ಪ್ರತಿ ವರ್ಷ ಮಾಡಿಸಬೇಕೆಂದಿಲ್ಲ. ಲಕ್ಷಣ ಬದಲಾದರೆ, ರಕ್ತದ ಅಂಕಿ ಏರಿದರೆ, ಡಾಕ್ಟರು ಹೇಳಿದರೆ ಸಾಕು. ತೂಕ ಮಾತ್ರ ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮೊದಲು, ಒಂದೇ ಮಷಿನ್‌ನಲ್ಲಿ ನೋಡಿ. ಎರಡು ಮೂರು ದಿನದಲ್ಲಿ ಒಂದೂವರೆ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅದೇ ವಾರ ತೋರಿಸಿ.

ಕೂತಲ್ಲೇ ಉಸಿರು ಕಟ್ಟಿದರೆ, ಎದೆ ಅದುಮಿದಂತಾದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲೆಯಾಗಿ ಬಿದ್ದರೆ, ಕಾರಣವಿಲ್ಲದೆ ವಾಂತಿ ಮತ್ತು ವಿಪರೀತ ಸುಸ್ತು ಬಂದರೆ 108ಕ್ಕೆ ಫೋನ್ ಮಾಡಿ. ಗ್ಲುಕೋಮೀಟರ್ ಹತ್ತಿರವಿದ್ದರೆ ಶುಗರ್ ನೋಡಿ, ಶುಗರ್ ಕುಸಿದಾಗಲೂ ಬೆವರು ಬರುತ್ತದೆ. ಆದರೆ ಅದಕ್ಕಾಗಿ ಫೋನ್ ತಡ ಮಾಡಬೇಡಿ. ಗ್ಯಾಸ್ ಅಂತ ಸೋಡಾ ಕುಡಿಯುತ್ತ ಕೂರಬೇಡಿ, ಒಬ್ಬರೇ ಲೋಕಲ್ ಹತ್ತಿ ಆಸ್ಪತ್ರೆಗೆ ಹೊರಡಬೇಡಿ.

ಕೊನೆಗೆ ಫೈಲಿನ ವಿಷಯ. ಎಕೋ ರಿಪೋರ್ಟಿನ ಬೆಲೆ ಇರುವುದು ಹಳೆಯದರ ಪಕ್ಕ ಹೊಸದನ್ನು ಇಟ್ಟಾಗ. ಹಾಗಾಗಿ ವರ್ಷದ ಕ್ರಮದಲ್ಲಿ ಇಡಿ. ಇಸಿಜಿ ಬರುವುದು ಬಸ್ ಟಿಕೆಟಿನಂಥ ಕಾಗದದಲ್ಲಿ, ನಮ್ಮ ಸೆಕೆಗೆ ಎರಡು ಮೂರು ವರ್ಷದಲ್ಲಿ ಗೆರೆ ಮಾಸಿ ಬರೀ ಗುಲಾಬಿ ಚೌಕಳಿ ಉಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ತಂದ ದಿನವೇ ಝೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಬಿಸಿಗೆ ಇಡೀ ಕಾಗದ ಕಪ್ಪಾಗುತ್ತದೆ.